ಭುಜ್

ಗುಜರಾತಿನ ಕಚ್ಛ್ ಮತ್ತು ಅದರ ಪಕ್ಕದ ಸಿಂಧ್ ಸೀಮೆಯಲ್ಲಿ ಬಳಕೆಯಲ್ಲಿದ್ದ, ಉದ್ದ ಕಾವಿನ ಆಯುಧ. ಹೆಸರು ಬಂದದ್ದು ಕಚ್ಛ್ ಸಂಸ್ಥಾನದ ರಾಜಧಾನಿಯಾಗಿದ್ದ ಭುಜ್ ನಗರದಿಂದ, ಹೆಗಲಿನಿಂದಲ್ಲ. ಇಂದು ಉಳಿದಿರುವ ಭುಜ್‌ಗಳಲ್ಲಿ ಹೆಚ್ಚಿನವು 18 ಮತ್ತು 19ನೆಯ ಶತಮಾನಗಳವು.

ಇದನ್ನು ಕೊಡಲಿಗಳ ಸಾಲಿಗೆ ಸೇರಿಸುವುದುಂಟು. ಆದರೆ ಕೊಡಲಿಯ ಅಲಗು ಕಾವಿಗೆ ಅಡ್ಡಲಾಗಿ ಕೂತಿದ್ದರೆ, ಭುಜ್‌ನ ಅಲಗು ಈಟಿಯ ಮೊನೆಯಂತೆ ಕಾವಿನ ನೇರಕ್ಕೇ ನಿಲ್ಲುತ್ತದೆ. ಅಲಗು ಅಗಲವಾಗಿ, ತುಸು ಬಾಗಿ, ಸುಮಾರು 18ರಿಂದ 25 ಸೆಂ.ಮೀ. ಇರುತ್ತದೆ, ಕಾವು ಅದರ ಎರಡು ಪಟ್ಟು ಅಥವಾ ಇನ್ನೂ ಹೆಚ್ಚು, ಸುಮಾರು 50 ಸೆಂ.ಮೀ. ಹೀಗಾಗಿ ಕತ್ತಿಯ ಬಾಯಿಗೆ ಕೊಡಲಿಯ ಬೀಸು ದಕ್ಕುತ್ತದೆ.

ಕಾವಿನ ಆಯುಧ ಯಾವುದೇ ಇರಲಿ, ಪೆಟ್ಟಿನ ಭಾರ ಬೀಳುವುದು ಅಲಗೂ ಕಾವೂ ಕೂಡುವ ಜಾಗದ ಮೇಲೆ. ಭುಜ್ ಮಾಡಿದವರ ಜಾಣ್ಮೆ ಕಾಣುವುದೂ ಅಲ್ಲೇ. ಆ ಬೆಸುಗೆಯ ಜಾಗದಲ್ಲಿ ಸಾಮಾನ್ಯವಾಗಿ ಆನೆಯ ತಲೆಯೊಂದನ್ನು ಕೂರಿಸುತ್ತಿದ್ದರು. ಇದರಿಂದಲೇ ಇದಕ್ಕೆ ಆನೆಗತ್ತಿ ಎಂಬರ್ಥದ ಹೆಸರೂ ಅಂಟಿಕೊಂಡಿದೆ. ಅನೇಕ ಭುಜ್‌ಗಳ ಕಾವು ಟೊಳ್ಳಾದ ಉಕ್ಕಿನ ಕೊಳವೆ. ಬುಡದ ಗುಂಡಿಯನ್ನು ತಿರುಪಿದರೆ ಒಳಗಿನಿಂದ ಸಣ್ಣನೆಯ ಚೂಪು ಬಾಕು ಹೊರಬರುತ್ತದೆ.

ಕಾವಿನ ಮೇಲಿನ ಹೂಬಳ್ಳಿ ಕೋಫ್ತಗಾರಿ ಕೆಲಸ. ನಮ್ಮ ಬಿದರಿಯಲ್ಲಿ ಕುಶಲಿ ಗೀರು ಕೊರೆದು ಬೆಳ್ಳಿ ತುಂಬುತ್ತಾನೆ. ಕೋಫ್ತಗಾರಿಯಲ್ಲಿ ಅಂಥ ಆಳದ ಗೀರಿಲ್ಲ. ಉಕ್ಕಿನ ಮೈಯನ್ನು ಅಡ್ಡಡ್ಡ ನವಿರಾಗಿ ಗೀಚಿ ತರಿಯಾಗಿಸಿ, ಅದರ ಮೇಲೆ ಚಿನ್ನ ಅಥವಾ ಬೆಳ್ಳಿಯ ತಂತಿಯನ್ನಿಟ್ಟು ಸುತ್ತಿಗೆಯಿಂದ ತಟ್ಟುತ್ತಾರೆ. ತರಿ ತಂತಿಯನ್ನು ಕಚ್ಚಿಕೊಳ್ಳುತ್ತದೆ. ಚಿನ್ನ ಕಡಿಮೆ ಸಾಕು, ಆದರೆ ಉಜ್ಜಿದಷ್ಟೂ ಸವೆಯುತ್ತದೆ.

ಉತ್ತಮ ಭುಜ್‌ಗಳಿಗೆ ನೀರಲೆಯಂಥ ಗೆರೆ ಮೂಡುವ ಮೂಸೆಯ ಉಕ್ಕನ್ನು ಬಳಸಿದ್ದುಂಟು. ಈ ಉಕ್ಕಿಗೆ ಹೊರನಾಡಿನವರು ಕೊಟ್ಟ ‘ವೂಟ್ಜ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದದ್ದೆಂಬ ಅಭಿಪ್ರಾಯವೇ ಬಲವಾದದ್ದು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ಭುಜ್ ಮಾಡಿದವರ ಹೆಸರನ್ನು ಬರೆದಿಟ್ಟವರು ವಿರಳ. ಇದು ದೊಡ್ಡ ನಷ್ಟ.

ವಸ್ತುಸಂಗ್ರಹಾಲಯದಲ್ಲಿ ಭುಜ್ ಕಂಡರೆ ಅಲಗನ್ನಷ್ಟೇ ನೋಡಿ ಮುಂದೆ ಹೋಗಬೇಡಿ. ಆನೆಯ ತಲೆಯನ್ನೂ ಬುಡದ ಗುಂಡಿಯನ್ನೂ ಒಮ್ಮೆ ನಿಂತು ನೋಡಿ.