ಒಂದು ಪುಸ್ತಕ, ಹಲವು ರುಜುಗಳು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾನೆ. ಅವನ ಬಳಿ ಒಂದು ಕಾಮಿಕ್ಸ್ ಪುಸ್ತಕವಿದೆಯಂತೆ. ಅದರ ರಕ್ಷಾಪುಟದ ಮೇಲೆ ಕಥೆ ಬರೆದವರು, ಚಿತ್ರ ಬಿಡಿಸಿದವರು, ಬಣ್ಣ ತುಂಬಿದವರು, ಹೀಗೆ ಮೂವರ ರುಜುಗಳಿವೆ. ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಕವಚದೊಳಗೆ ಭದ್ರಪಡಿಸಿ, ಮೇಲೆ ಅಂಕ ನಮೂದಿಸಿದ ಹಳದಿ ಚೀಟಿಯನ್ನು ಇರಿಸಲಾಗಿದೆ. “ಮೇಷ್ಟ್ರೇ, ನಾವು ಶಾಲೆಯಲ್ಲಿ ಓದುತ್ತಿದ್ದ ಅಮರ ಚಿತ್ರಕಥೆಗೂ ಹೀಗೆ ಮಾಡಿಸಬಹುದೇ?” ಎಂಬುದು ಅವನ ಪ್ರಶ್ನೆ. ಚುಟುಕಾಗಿ ಉತ್ತರಿಸಿ ಮುಗಿಸಬಹುದಾಗಿತ್ತು. ಆದರೆ ಅದರ ಹಿಂದೆ ಒಂದು ದೊಡ್ಡ ಇತಿಹಾಸವೇ ಇರುವುದರಿಂದ ನಿಮ್ಮೆಲ್ಲರ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಈ ಪದ್ಧತಿಯ ಬಗ್ಗೆ ಎರಡು ಮಾತು. ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಕೊಳ್ಳುವವರಿಗೂ ಮಾರುವವರಿಗೂ ನಡುವೆ ಪುಸ್ತಕದ ಸ್ಥಿತಿಯ ಬಗ್ಗೆ ಸದಾ ತಕರಾರು ಇರುತ್ತಿತ್ತು. ಅದನ್ನು ನಿವಾರಿಸಲು 2000ದಲ್ಲಿ ಅಮೆರಿಕದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಆರಂಭವಾಯಿತು. ಅಲ್ಲಿನ ಪರಿಣತರು ಪುಸ್ತಕದ ಪುಟಗಳನ್ನು ಎಣಿಸಿ, ಮಡಿಕೆ, ಕಲೆ, ಹರಿತ, ರಿಪೇರಿ ಎಲ್ಲವನ್ನೂ ಪರಿಶೀಲಿಸಿ 0.5ರಿಂದ 10ರವರೆಗೆ ಅಂಕ ಕೊಡುತ್ತಾರೆ. ಅನಂತರ ಪುಸ್ತಕವನ್ನು ಕವಚದೊಳಗೆ ಮುಚ್ಚಿ ಮೊಹರು ಮಾಡುತ್ತಾರೆ. ಕವಚ ಒಡೆದರೆ ಆ ಅಂಕಕ್ಕೆ ಬೆಲೆಯಿಲ್ಲ. ಜೀವನವಿಡೀ ಉತ್ತರಪತ್ರಿಕೆಗಳಿಗೆ ಅಂಕ ಕೊಟ್ಟ ನನಗೆ, ಪುಸ್ತಕವೇ ಪರೀಕ್ಷೆಗೆ ಕುಳಿತುಕೊಳ್ಳುವ ಈ ಏರ್ಪಾಡು ವಿನೋದವಾಗಿ ಕಂಡಿತು.

ರುಜುವಿನ ನಿಯಮ ಇದಕ್ಕಿಂತಲೂ ಕುತೂಹಲಕರ. ಸಂಸ್ಥೆಯ ಸಾಕ್ಷಿಯ ಕಣ್ಣೆದುರಿಗೆ ಹಾಕಿದ ರುಜುವಿಗೆ ಹಳದಿ ಚೀಟಿ ಸಿಗುತ್ತದೆ. ರುಜು ಹಾಕಿದವರ ಹೆಸರೂ ಆ ಚೀಟಿಯಲ್ಲಿ ಸೇರುತ್ತದೆ. ಸಾಕ್ಷಿಯಿಲ್ಲದ ರುಜುವಾದರೆ, ಅದು ನಿಜವಾದದ್ದೇ ಆಗಿದ್ದರೂ, ಪುಸ್ತಕದ ಮೇಲೆ ಯಾರೋ ಗೀಚಿದ ಗೀಟಿನಂತೆ ದೋಷವೆಂದು ಎಣಿಸಿ ಬೇರೆ ಬಣ್ಣದ ಚೀಟಿ ಅಂಟಿಸುವುದು ರೂಢಿಯಾಗಿತ್ತು. ಕೈಬರಹವನ್ನು ಹೋಲಿಸಿ ದೃಢಪಡಿಸುವ ವ್ಯವಸ್ಥೆಗಳು ಬಂದದ್ದು ತಡವಾಗಿ. ನಮ್ಮ ದೇವನಹಳ್ಳಿ, ಹೊಸಕೋಟೆಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಮೀನಿನ ಕ್ರಯಪತ್ರದಲ್ಲಿ ಬರೆದುಕೊಟ್ಟವರ ರುಜು, ಅದರ ಕೆಳಗೆ ಸಾಕ್ಷಿಗಳ ರುಜು, ಕೊನೆಗೆ ಪತ್ರ ಬರೆದವರ ಬಿಕ್ಕಲಂ. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟು ವರ್ಷ ಕೋರ್ಟಿಗೆ ಅಲೆಯಬೇಕಾಗುತ್ತದೆ ಎಂಬುದನ್ನು ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಸೀಮೆಯ ಅನೇಕ ಮನೆಗಳು ಕಂಡಿವೆ.

ರುಜುವಿಗೆ ಬೆಲೆ ಕಟ್ಟುವುದೂ ಹೊಸತಲ್ಲ. 1927ರಲ್ಲಿಯೂ 1936ರಲ್ಲಿಯೂ ನಮ್ಮ ನೆರೆಯ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿಯವರು ಹರಿಜನ ನಿಧಿಗಾಗಿ ರುಜುವೊಂದಕ್ಕೆ 5 ರೂಪಾಯಿ ಪಡೆಯುತ್ತಿದ್ದುದು ಪ್ರಸಿದ್ಧವಾದ ಸಂಗತಿ. ಆದರೆ ಕಾಮಿಕ್ಸ್ ಪುಸ್ತಕಕ್ಕೆ ಒಂದು ರುಜು ಸಾಲದು, ಹಲವು ಬೇಕು ಎಂಬ ಹಂಬಲ ಏಕೆ? ಕಾದಂಬರಿಗೆ ಕರ್ತೃ ಒಬ್ಬನೇ. ಚಿತ್ರಕಥೆಯಾದರೋ ಹಲವು ಕೈಗಳ ಕೆಲಸ. ಒಬ್ಬರು ಕಥೆ ಬರೆಯುತ್ತಾರೆ, ಇನ್ನೊಬ್ಬರು ಪೆನ್ಸಿಲಿನಲ್ಲಿ ಚಿತ್ರ ಬಿಡಿಸುತ್ತಾರೆ, ಮತ್ತೊಬ್ಬರು ಅದರ ಮೇಲೆ ಶಾಯಿಯ ಗೆರೆ ಎಳೆಯುತ್ತಾರೆ. ಬಣ್ಣ ತುಂಬುವವರು ಬೇರೆ, ಮಾತಿನ ಗುಳ್ಳೆಯೊಳಗೆ ಅಕ್ಷರ ಬರೆಯುವವರು ಬೇರೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಬೆಳೆದ ನಿಮಗೆ ಇದು ಚೆನ್ನಾಗಿ ಗೊತ್ತು. ನೂಲಿಗೆ ಬಣ್ಣ ಹಾಕಿದವರು, ಹಾಸು ಮಾಡಿದವರು, ಮಗ್ಗದ ಮುಂದೆ ನಿಂತವರು, ಎಲ್ಲರೂ ಸೇರಿದರೆ ಒಂದು ಸೀರೆ. ಅಂಗಡಿಯಲ್ಲಿ ಆ ಸೀರೆಗೆ ಇರುವುದು ಅಂಗಡಿಯ ಹೆಸರೊಂದೇ.

ಕಾಮಿಕ್ಸ್ ಲೋಕದಲ್ಲಿಯೂ ಬಹುಕಾಲ ಹೀಗೆಯೇ ನಡೆಯಿತು. 1938ರಲ್ಲಿ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ. ಸಂಚಿಕೆಯ ಬೆಲೆ 10 ಸೆಂಟ್. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರಿಗೆ ಆ ಪಾತ್ರದ ಹಕ್ಕಿಗಾಗಿ ಸಿಕ್ಕಿದ್ದು 130 ಡಾಲರ್. ಪಾತ್ರ ಜಗತ್ತನ್ನೇ ಗೆದ್ದಿತು. ಹೆತ್ತವರ ಹೆಸರು ಮಾತ್ರ ದಶಕಗಳ ಕಾಲ ಮರೆಯಾಯಿತು. 1975ರಲ್ಲಿ ಜೆರ್ರಿ ರಾಬಿನ್ಸನ್, ನೀಲ್ ಆಡಮ್ಸ್ ಮೊದಲಾದ ಕಲಾವಿದರು ಬೆಂಬಲಕ್ಕೆ ನಿಂತ ಮೇಲೆ ಆ ಇಬ್ಬರಿಗೆ ವಾರ್ಷಿಕ ಪಿಂಚಣಿಯೂ, ಸೃಷ್ಟಿಕರ್ತರೆಂಬ ಹೆಸರೂ ದೊರೆತವು.

ಈ ಕಥೆಗೆ ಇನ್ನೂ ಒಂದು ತಿರುವಿದೆ. ಆ 130 ಡಾಲರುಗಳೂ ಸೇರಿದ್ದ 412 ಡಾಲರ್‌ಗಳ ಚೆಕ್ಕಿನ ಹಿಂಬದಿಯಲ್ಲಿ, ಹಣ ಪಡೆಯುವ ಸಲುವಾಗಿ, ಸೀಗಲ್ ಮತ್ತು ಶುಸ್ಟರ್ ಇಬ್ಬರೂ ರುಜು ಮಾಡಿದ್ದರು. 2012ರಲ್ಲಿ ಆ ಚೆಕ್ಕು ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. ತಮ್ಮ ಸೃಷ್ಟಿಯನ್ನು ಕಳೆದುಕೊಂಡ ಕಾಗದದ ಮೇಲೆಯೇ ಆ ಇಬ್ಬರ ರುಜುಗಳೂ ಜೊತೆಯಾಗಿ ಉಳಿದಿವೆ. ಅಷ್ಟು ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು: ಶುಸ್ಟರ್ 1992ರಲ್ಲಿ, ಸೀಗಲ್ 1996ರಲ್ಲಿ. 2014ರಲ್ಲಿ ಅದೇ ಮೊದಲ ಸಂಚಿಕೆಯ, 9.0 ಅಂಕ ಪಡೆದ ಪ್ರತಿಯೊಂದು 32 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

ಹಲವರ ರುಜುಗಳನ್ನು ಒಂದೇ ಪುಸ್ತಕದ ಮೇಲೆ ಕೂಡಿಸುವವರು ಹೀಗೆ ಕಾಲದೊಡನೆ ಓಟಕ್ಕೆ ಇಳಿದವರು. 1961ರಲ್ಲಿ ಸ್ಟಾನ್ ಲೀ ಅವರೊಡನೆ ‘ಫೆಂಟಾಸ್ಟಿಕ್ ಫೋರ್’ ರಚಿಸಿದ ಜಾಕ್ ಕರ್ಬಿ 1994ರಲ್ಲಿ ತೀರಿಕೊಂಡರು. ಆಗ ಹಳದಿ ಚೀಟಿಯ ಪದ್ಧತಿಯೇ ಹುಟ್ಟಿರಲಿಲ್ಲ. ಲೀ 2018ರವರೆಗೆ ಬದುಕಿದ್ದು ಅಸಂಖ್ಯ ಪುಸ್ತಕಗಳಿಗೆ ರುಜು ಹಾಕಿದರು. ಅವರೊಡನೆ ಸ್ಪೈಡರ್‌ಮ್ಯಾನ್ ಸೃಷ್ಟಿಸಿದ ಸ್ಟೀವ್ ಡಿಟ್ಕೊ ಅದೇ ವರ್ಷ ನಿಧನರಾದರೂ, ಬದುಕಿರುವಷ್ಟು ಕಾಲ ಸಭೆ ಸಮಾರಂಭಗಳಿಂದ ದೂರವೇ ಉಳಿದರು. ಆದ್ದರಿಂದ ಒಂದೇ ಪುಟದಲ್ಲಿ ಎಲ್ಲರ ರುಜುಗಳೂ ಸೇರುವುದು ಅಪರೂಪ.

ನಮ್ಮ ನಾಡಿನಲ್ಲಿ ಕೆಲಸ ಮಾಡಿದವರು ತಮ್ಮ ಹೆಸರು ಬಿಟ್ಟುಹೋಗುತ್ತಿರಲಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲಕ್ಕೆ ಗಂಗರ ಮಾನ್ಯಪುರವಾಗಿತ್ತು. ಆ ಗಂಗ ಅರಸರ ಹಲವು ತಾಮ್ರಪಟಗಳಲ್ಲಿ ದಾನ ಕೊಟ್ಟ ರಾಜನ ಹೆಸರಿನೊಡನೆ ಅದನ್ನು ಬರೆದ ವಿಶ್ವಕರ್ಮಾಚಾರ್ಯನ ಹೆಸರೂ ಇದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, 1268ರ ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರು ತಾವು ಕಡೆದ ಶಿಲ್ಪದ ಪೀಠದಲ್ಲಿಯೇ ಹೆಸರು ಕೆತ್ತಿದರು. ಒಂದೇ ಗುಡಿಯ ಗೋಡೆಯಲ್ಲಿ ಹಲವು ಶಿಲ್ಪಿಗಳ ಹೆಸರುಗಳು ಸಿಗುವುದರಿಂದಲೇ, ಯಾವ ಕೈ ಯಾವ ಶಿಲ್ಪವನ್ನು ಮಾಡಿತು ಎಂಬುದನ್ನು ವಿದ್ವಾಂಸರು ಇಂದು ಗುರುತಿಸಬಲ್ಲರು.

ಈಗ ಅಮರ ಚಿತ್ರಕಥೆಗೆ ಬರೋಣ. ಆ ಮಾಲೆಯ ಮೊದಲ ಇಂಗ್ಲಿಷ್ ಪುಸ್ತಕ ‘ಕೃಷ್ಣ’. ಅದಕ್ಕೆ ಸಾಹಿತ್ಯ ಅನಂತ ಪೈ ಅವರದು, ಚಿತ್ರ ರಾಮ್ ವಾಯೀರ್‌ಕರ್ ಅವರದು. ಆದರೆ ಅದರ ಮೂಲ ಕ್ರಮಸಂಖ್ಯೆ 1 ಅಲ್ಲ, 11. ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿದ್ದವು! ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟದಲ್ಲಿ ತೊಡಗಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಕನ್ನಡದ ಮಕ್ಕಳಿಗಾಗಿ ಕನ್ನಡದಲ್ಲಿಯೇ ಚಿತ್ರಕಥೆಗಳು ಬರಬೇಕೆಂದು ಮುಂದಾದರು. ಮೊದಲು ಬಂದವು ಸಿಂಡರೆಲಾಳಂತಹ ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು. ಅವುಗಳ ಯಶಸ್ಸೇ ಭಾರತೀಯ ಕಥೆಗಳ ಮಾಲೆಗೆ ದಾರಿ ಮಾಡಿತು ಎಂಬುದು ಅನಂತರಾಮ್ ಅವರ ನಿರೂಪಣೆ.

ನೀವೆಲ್ಲ ಕೇಳಿರುವ ಕಥೆ ಬೇರೆ. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ಶ್ರೀರಾಮನ ತಾಯಿಯ ಹೆಸರು ಹೇಳಲಾರದೆ ಹೋದರು. ಅದನ್ನು ಕಂಡ ಅನಂತ ಪೈ ಅವರ ಮನಸ್ಸಿನಲ್ಲಿ ಈ ಮಾಲೆಯ ಕಲ್ಪನೆ ಮೂಡಿತು ಎಂಬುದು ಆ ಕಥೆ. ಪೈ ಅವರ ಸಾಧನೆ ಅಪಾರ. 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅವರು, ಇಂದ್ರಜಾಲ್ ಕಾಮಿಕ್ಸ್‌ನ ಅನುಭವದೊಡನೆ ಬಂದು ನೂರಾರು ಪುಸ್ತಕಗಳನ್ನು ಸಂಪಾದಿಸಿದರು; 1980ರಲ್ಲಿ ‘ಟಿಂಕಲ್’ ಆರಂಭಿಸಿ ಲಕ್ಷಾಂತರ ಮಕ್ಕಳಿಗೆ ‘ಅಂಕಲ್ ಪೈ’ ಆದರು. ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಇಳಿಸುವುದು ನನ್ನ ಉದ್ದೇಶವಲ್ಲ. ಹನ್ನೊಂದು ಎಂಬ ಸಂಖ್ಯೆಯನ್ನು ಬಿಡಿಸಿಕೊಳ್ಳಬೇಕಾದರೆ ಎರಡು ಹೆಸರುಗಳೂ ಬೇಕು ಎಂಬುದಷ್ಟೇ ನನ್ನ ವಾದ.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ವಾಯೀರ್‌ಕರ್ 2003ರಲ್ಲಿ ನಿಧನರಾದರು. 2011ರ ಫೆಬ್ರವರಿ 19ರಂದು ದೆಹಲಿಯಲ್ಲಿ ನಡೆದ ದೇಶದ ಮೊದಲ ಕಾಮಿಕ್ ಕಾನ್ ಅನಂತ ಪೈ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿ ಗೌರವಿಸಿತು. ಐದೇ ದಿನಗಳಲ್ಲಿ, 24ರಂದು, ಅವರೂ ಹೊರಟುಹೋದರು. 2012ರಲ್ಲಿ ಕಾಮಿಕ್ ಕಾನ್ ಬೆಂಗಳೂರಿಗೂ ಬಂತು. ಕಲಾವಿದರ ಎದುರು ಪುಸ್ತಕ ಹಿಡಿದು ಸಾಲುಗಟ್ಟಿ ನಿಲ್ಲುವ ತರುಣರನ್ನು ಈಗ ಇಲ್ಲಿಯೂ ಕಾಣಬಹುದು. ಆದರೆ ‘ಕೃಷ್ಣ’ದ ಮೇಲೆ ಆ ಇಬ್ಬರ ರುಜುಗಳನ್ನು ಸಾಕ್ಷಿಯ ಎದುರು ಕೂಡಿಸುವ ಕಾಲ ಮುಗಿದಿದೆ.

ಅಂಕದ ವಿಷಯಕ್ಕೆ ಬಂದರೆ, ನಮ್ಮ ಶಾಲೆಯ ಪ್ರತಿಗಳಿಗೆ ಹತ್ತಕ್ಕೆ ಒಂದು ಬಂದರೂ ಪುಣ್ಯ. ಒಂದೊಂದು ಪುಸ್ತಕವನ್ನೂ ಒಂದು ತರಗತಿಯ ಎಲ್ಲ ಮಕ್ಕಳೂ ಓದಿ, ಮನೆಗೆ ಒಯ್ದು, ತಂಗಿ ತಮ್ಮಂದಿರಿಗೂ ಓದಿಸಿ, ಮೂಲೆ ಮಡಿಚಿಯೇ ಹಿಂದಿರುಗಿಸುತ್ತಿದ್ದರು. ಬೆನ್ನಿಗೆ ಕಂದು ಕಾಗದ ಅಂಟಿಸಿ ನಾನೇ ಎಷ್ಟೋ ಪ್ರತಿಗಳನ್ನು ಉಳಿಸಿಕೊಂಡಿದ್ದೆ. ಮೊಹರು ಮಾಡಿದ ಕವಚದೊಳಗೆ ಹೋದ ಪುಸ್ತಕವನ್ನು ಯಾವ ಮಗುವೂ ಬಿಡಿಸಿ ಓದಲಾರದು. ಸಂಗ್ರಾಹಕರನ್ನು ನಾನು ಹಳಿಯುತ್ತಿಲ್ಲ. ಬಣ್ಣ ತುಂಬಿದವರ ಎದುರಿಗೂ ಸಾಲಿನಲ್ಲಿ ನಿಂತು, ಇದು ನಿಮ್ಮದೂ ಹೌದು ಎಂದು ಪುಸ್ತಕ ಚಾಚುವ ಗುಣ ಅವರಲ್ಲಿದೆ. ಆ ಗುಣ ನಮಗೂ ಬೇಕಾದದ್ದು.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ಕನ್ನಡದ ಹಳೆಯ ಚಿತ್ರಕಥೆಗಳಿದ್ದರೆ ರದ್ದಿಗೆ ಹಾಕಬೇಡಿ. ಅದರಲ್ಲಿಯೂ 1965ರ ಸುಮಾರಿನ ಆ ಮೊದಲ ಹತ್ತರಲ್ಲಿ ಒಂದು ಸಿಕ್ಕರೆ, ಅದರಲ್ಲಿ ಅಚ್ಚಾಗಿರುವ ಪ್ರತಿಯೊಂದು ಹೆಸರನ್ನೂ, ಕಥೆ ಬರೆದವರು, ಚಿತ್ರಕಾರರು, ಅನುವಾದಕರು, ಮುದ್ರಕರು ಯಾರೇ ಇರಲಿ, ಒಂದು ಹಾಳೆಯಲ್ಲಿ ಬರೆದು ನನಗೆ ಕಳುಹಿಸಿ. ಎಲ್ಲವನ್ನೂ ಒಂದೆಡೆ ಪಟ್ಟಿ ಮಾಡಿ ಇಲ್ಲಿ ಪ್ರಕಟಿಸುತ್ತೇನೆ. ಬರೆದ ಮೇಲೆ ಪುಸ್ತಕವನ್ನು ಮನೆಯ ಮಕ್ಕಳ ಕೈಗೆ ಕೊಡಿ. ಅವರು ಓದಲಿ.