ತಾಯಂದಿರು ಹೊತ್ತ ಆರೋಪ: ಆಟಿಸಂನ ಇತಿಹಾಸದಿಂದ

ಕೆಲವು ವರ್ಷಗಳ ಹಿಂದೆ ನನ್ನ ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಾಜರಿ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಚಾಕ್‌ಪೀಸ್ ತುಂಡುಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಜೋಡಿಸುತ್ತಿದ್ದ. ಒಂದನ್ನು ಯಾರಾದರೂ ಸರಿಸಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ನಾನು ಅವನ ತಾಯಿಯನ್ನು ಕರೆಸಿ, "ಮನೇಲಿ ಮಗು ಜೊತೆ ಯಾರೂ ಮಾತಾಡೋದಿಲ್ವೇನಮ್ಮಾ?" ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದರು. ಇದೇ ಪ್ರಶ್ನೆಯನ್ನು ಹೆಸರಾಂತ ವಿದ್ವಾಂಸರು ಎರಡು ದಶಕಗಳ ಕಾಲ ತಾಯಂದಿರಿಗೆ ಕೇಳಿದ್ದರೆಂಬುದು ಆಮೇಲೆ ಓದಿದಾಗ ತಿಳಿಯಿತು.

ಇಂತಹ ಮಕ್ಕಳು ಎಲ್ಲ ಕಾಲದಲ್ಲೂ ಇದ್ದಿರಬೇಕು. 1925ರಲ್ಲಿ ಮಾಸ್ಕೋದ ವೈದ್ಯೆ ಗ್ರೂನ್ಯಾ ಸುಖರೇವಾ ಇಂತಹ ಆರು ಹುಡುಗರ ಬಗ್ಗೆ ಬರೆದರು. ಬಹುಕಾಲ ಅದನ್ನು ಗಮನಿಸಿದವರು ಕಡಿಮೆ. ಜಗತ್ತು ಕೇಳಿಸಿಕೊಂಡದ್ದು 1943ರಲ್ಲಿ. ಆಗ ಅಮೆರಿಕದ ಬಾಲ್ಟಿಮೋರ್‌ನ ವೈದ್ಯ ಲಿಯೋ ಕ್ಯಾನರ್ 8 ಗಂಡು, 3 ಹೆಣ್ಣು, ಹೀಗೆ 11 ಮಕ್ಕಳ ವಿವರ ಪ್ರಕಟಿಸಿ, ಇದು ಹುಟ್ಟಿನಿಂದಲೇ ಬಂದದ್ದೆಂದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು! ಆ ತಂದೆತಾಯಿಯರಲ್ಲಿ ಮಮತೆ ಕಡಿಮೆ ಕಂಡಿತೆಂದೂ ಸೇರಿಸಿದರು. 1949ರಲ್ಲಿ ಈ ಮಕ್ಕಳನ್ನು ಫ್ರಿಜ್ಜಿನಲ್ಲಿಟ್ಟು ಬೆಳೆಸಿದಂತಿದೆ ಎಂಬ ಅರ್ಥದಲ್ಲಿ ಬರೆದರು. 'ಫ್ರಿಜ್ ತಾಯಿ' ಎಂಬ ಮಾತು ಹುಟ್ಟಿಕೊಂಡದ್ದು ಹೀಗೆ. ಚಿಕಾಗೋದಲ್ಲಿ ಮಕ್ಕಳ ವಸತಿಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಮಗುವನ್ನು ಮನೆಯಿಂದ ದೂರವಿಡುವುದೇ ಮದ್ದೆಂಬುದು ಅವರ ನಂಬಿಕೆ.

ಯೋಚಿಸಿ ನೋಡಿ, ಮಗ ಮಾತಾಡುತ್ತಿಲ್ಲವೆಂದು ಹೋದ ತಾಯಿಗೆ 'ನೀನೇ ಕಾರಣ' ಎಂಬ ಉತ್ತರ!

ಇದನ್ನು ಮುರಿದವರಲ್ಲಿ ಮೊದಲಿಗರು ತಂದೆತಾಯಿಯರೇ. ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞ. ಅವರ ಮಗನಿಗೂ ಆಟಿಸಂ ಇತ್ತು. ದೋಷ ಮಮತೆಯಲ್ಲಲ್ಲ, ಮಿದುಳಿನ ರಚನೆಯಲ್ಲಿ ವ್ಯತ್ಯಾಸವಿದೆ ಎಂದು 1964ರಲ್ಲಿ ಅವರು ಪುಸ್ತಕ ಬರೆದರು. ಕ್ಯಾನರರೇ ಅದಕ್ಕೆ ಮುನ್ನುಡಿ ಬರೆದದ್ದು ವಿಶೇಷ. 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ಕ್ಯಾನರ್ ಅವರನ್ನೆಲ್ಲ ಬಹಿರಂಗವಾಗಿ ದೋಷಮುಕ್ತರೆಂದು ಸಾರಿದರು. ಲಂಡನ್ನಿನಲ್ಲಿ ಲೋರ್ನಾ ವಿಂಗ್ ಎಂಬ ವೈದ್ಯೆ, ಅವರೂ ಇಂತಹ ಮಗಳ ತಾಯಿ, ಆಟಿಸಂ ಒಂದೇ ಬಗೆಯದಲ್ಲ, ಸೌಮ್ಯದಿಂದ ತೀವ್ರದವರೆಗೆ ಹಲವು ಬಗೆ ಎಂದು ತೋರಿಸಿದರು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ 21 ಜೋಡಿ ಅವಳಿಗಳನ್ನು ಅಧ್ಯಯನ ಮಾಡಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಎಲ್ಲರೂ ಒಂದೇ ಮನೆಯಲ್ಲಿ ಬೆಳೆದ ಮಕ್ಕಳು, ಆದರೂ ಈ ವ್ಯತ್ಯಾಸ. ಅನುವಂಶೀಯತೆಯ ಪಾತ್ರಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆ ಇದು.

ಗಮನ ನಿಲ್ಲದ, ಕುಳಿತಲ್ಲಿ ಕೂರದ ಮಕ್ಕಳ ಕಥೆ ಬೇರೆ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಇಂತಹವರನ್ನು ವರ್ಣಿಸಿದಾಗ ಅದಕ್ಕೆ ಇಟ್ಟ ಹೆಸರು ನೈತಿಕ ನಿಯಂತ್ರಣದ ದೋಷ ಎಂದು. ಒಳ್ಳೆಯ ಮನೆಗಳಲ್ಲೂ ಇಂತಹ ಮಕ್ಕಳಿದ್ದುದನ್ನು ಅವರು ಕಂಡಿದ್ದರು, ಆದರೂ ಹೆಸರು ಹಾಗಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿ 'ಗಮನ ಕೊರತೆ' ಎಂದು ಕರೆದದ್ದು 1980ರಲ್ಲಿ. ಒಂದೇ ಮಗುವಿಗೆ ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಇರಬಹುದೆಂದು ಆ ಕೈಪಿಡಿ ಒಪ್ಪಿದ್ದು 2013ರಲ್ಲಷ್ಟೇ.

ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. 2016ರ ಕಾಯ್ದೆ ಹೆಸರಿಸಿದ 21 ವೈಕಲ್ಯಗಳಲ್ಲಿ ಅದೂ ಒಂದು. ಎಡಿಎಚ್‌ಡಿ ಆ ಪಟ್ಟಿಯಲ್ಲಿಲ್ಲ.

ನನ್ನ ವಿದ್ಯಾರ್ಥಿಯ ತಾಯಿ ಒಂದು ದಿನ ಆ ಪ್ರಮಾಣಪತ್ರ ಹಿಡಿದು ಶಾಲೆಗೆ ಬಂದರು. ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಬಿಡಿ ಸರ್, ಮನೇಲೂ ಎಲ್ಲಾರೂ ಹಾಗೇ ಅಂದ್ರು" ಎಂದು ಹೇಳಿ, ಅವನನ್ನು ಯಾವ ಬೆಂಚಿನಲ್ಲಿ ಕೂರಿಸುತ್ತೀರಿ ಎಂದು ಕೇಳಿದರು.