ಈಮ್ ಚರ್ಚಿನ ಅಂಗಳದಲ್ಲಿ ಕಾಣದ ಸಮಾಧಿಗಳು

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಈಮ್ ಗ್ರಾಮದ ಸಂತ ಲಾರೆನ್ಸ್ ಚರ್ಚಿಗೆ ಹೋಗುವ ಬಹುತೇಕರು 1665–66ರ ಪ್ಲೇಗಿನ ಕಥೆ ಕೇಳಿಕೊಂಡೇ ಹೋಗುತ್ತಾರೆ. ರೋಗ ನೆರೆಯೂರುಗಳಿಗೆ ಹಬ್ಬದಿರಲೆಂದು ಊರವರು ತಮಗೆ ತಾವೇ ಗಡಿ ಹಾಕಿಕೊಂಡ ಕಥೆ ಅದು. ಆದರೆ ಚರ್ಚಿನ ಸುತ್ತಲ ಸ್ಮಶಾನದಲ್ಲಿ ಪ್ಲೇಗಿಗೆ ಬಲಿಯಾದವರ ಹೆಸರು ಹೊತ್ತ ಕಲ್ಲುಗಳು ತೀರ ವಿರಳ. ಆ ಕೊರತೆಯನ್ನೇ ಆಕರವಾಗಿ ಓದುವುದು ಈ ಲೇಖನದ ಉದ್ದೇಶ.

ಕಟ್ಟಡದ ಹಳೆಯ ಭಾಗಗಳು ಮಧ್ಯಯುಗದವು. 19ನೆಯ ಶತಮಾನದ ದುರಸ್ತಿಯಲ್ಲಿ ಬಹಳಷ್ಟು ಬದಲಾಗಿದೆ. ಅಂಗಳದಲ್ಲಿರುವ ಆಂಗ್ಲೋ-ಸ್ಯಾಕ್ಸನ್ ಶಿಲುಬೆಯಾದರೋ ಚರ್ಚಿಗಿಂತಲೂ ಹಳೆಯದು, ಸುಮಾರು 8ನೆಯ ಶತಮಾನದ್ದು. ಕಂಬದ ಮೇಲ್ಭಾಗದ ಒಂದು ತುಂಡು ಕಳೆದುಹೋಗಿರುವುದರಿಂದ ಅದು ಗಿಡ್ಡವಾಗಿ ಕಾಣುತ್ತದೆ. ಬಳ್ಳಿಯ ಸುರುಳಿ, ದೇವದೂತರ ಕೆತ್ತನೆ ಇನ್ನೂ ಸ್ಪಷ್ಟ. ಪ್ಲೇಗಿನ ಗುಂಗಿನಲ್ಲಿ ಬಂದವರು ಇದನ್ನು ಗಮನಿಸದೆ ದಾಟಿಬಿಡುತ್ತಾರೆ.

1665ರ ಸೆಪ್ಟೆಂಬರಿನಲ್ಲಿ ಜಾರ್ಜ್ ವಿಕರ್ಸ್ ಎಂಬ ದರ್ಜಿ ಮೊದಲು ಸತ್ತ. ಲಂಡನ್ನಿನಿಂದ ಬಂದ ಬಟ್ಟೆಯ ಜೊತೆ ರೋಗ ಬಂತೆಂಬುದು ಪ್ರತೀತಿ. ಮುಂದಿನ ಬೇಸಗೆಯಲ್ಲಿ ಸಾವು ಏರಿದಾಗ, ರೆಕ್ಟರ್ ವಿಲಿಯಂ ಮಾಂಪೆಸನ್ ಮತ್ತು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಸೇರಿ ಮೂರು ನಿರ್ಧಾರ ಮಾಡಿದರೆಂದು ಹೇಳಲಾಗುತ್ತದೆ: ಊರಿನ ಗಡಿ ದಾಟಬಾರದು, ಪ್ರಾರ್ಥನೆ ಬಯಲಿನಲ್ಲಿ, ಹೆಣಗಳನ್ನು ಮನೆಯವರೇ ತಮ್ಮ ಹಿತ್ತಲು ಹೊಲಗಳಲ್ಲಿ ಹೂಳಬೇಕು. ಆಗಸ್ಟಿನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಟೇ ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಊರಾಚೆಯ ರೈಲಿ ಹೊಲದಲ್ಲಿ ಮಣ್ಣು ಮಾಡಿದಳು. ಅಂಗಳದಲ್ಲಿ ಸಮಾಧಿಗಳು ಕಾಣದಿರಲು ಇದು ಒಂದು ಕಾರಣ ಮಾತ್ರ. ಈ ನಿರ್ಧಾರಕ್ಕೆ ಮುನ್ನ ಸತ್ತವರು ಚರ್ಚಿನ ನೆಲದಲ್ಲೇ ಇರಬೇಕು. ಆದರೆ ಬಡವರ ಗೋರಿಗೆ ಆ ಕಾಲದಲ್ಲಿ ಕೆತ್ತಿದ ಕಲ್ಲೆಲ್ಲಿ?

ಹಾಗಿದ್ದೂ ಮಾಂಪೆಸನ್ನನ ಹೆಂಡತಿ ಕ್ಯಾಥರೀನಳ ಪೆಟ್ಟಿಗೆಯಾಕಾರದ ಸಮಾಧಿ ಇದೇ ಅಂಗಳದಲ್ಲಿದೆ. ಆಕೆ ತೀರಿಕೊಂಡದ್ದು 1666ರ ಆಗಸ್ಟಿನಲ್ಲಿ, ಅಂದರೆ ನಿಷೇಧ ಜಾರಿಯಲ್ಲಿದ್ದಾಗ. ನಿಯಮ ಹೇಳುವಷ್ಟು ಬಿಗಿಯಾಗಿರಲಿಲ್ಲವೋ, ರೆಕ್ಟರನ ಮನೆತನಕ್ಕೆ ವಿನಾಯಿತಿ ಇತ್ತೋ? ಎರಡನೆಯದೇ ಹೆಚ್ಚು ಸಂಭಾವ್ಯವೆಂದು ನನಗೆ ತೋರುತ್ತದೆ. ತ್ಯಾಗದ ಕಥನದಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ.

ಆಕರಗಳೂ ಜಾಗರೂಕತೆ ಬೇಡುತ್ತವೆ. 1666ರ ನವೆಂಬರಿನ ಪತ್ರದಲ್ಲಿ ಮಾಂಪೆಸನ್ 76 ಕುಟುಂಬಗಳಲ್ಲಿ 259 ಮಂದಿ ಸತ್ತರೆಂದು ಬರೆದ. ಪ್ಯಾರಿಷ್ ದಾಖಲೆಯ ಲೆಕ್ಕ ಇದಕ್ಕಿಂತ ಹೆಚ್ಚು. ಆದರೆ ಈಗ ಉಳಿದಿರುವುದು ಅದರ ನಕಲು ಮಾತ್ರ. ವಿಲಿಯಂ ವುಡ್‌ನ 1842ರ ಗ್ರಾಮಚರಿತ್ರೆ ಸ್ಥಳೀಯರ ನೆನಪುಗಳಿಗೆ ಭಾವುಕ ರೂಪ ಕೊಟ್ಟಿತು. ಇಂದು ಪ್ರಚಲಿತವಿರುವ ವೀರಗಾಥೆಯ ಬಹುಪಾಲು ಘಟನೆ ನಡೆದು ಬಹುಕಾಲದ ನಂತರ ಕಟ್ಟಿದ್ದು ಎಂದು ಇತಿಹಾಸಕಾರ ಪ್ಯಾಟ್ರಿಕ್ ವಾಲಿಸ್ 2006ರಲ್ಲಿ ವಾದಿಸಿದರು.

ಈ ಕಥನ ಸ್ಟ್ಯಾನ್ಲಿಯನ್ನೂ ಬದಿಗೆ ಸರಿಸಿತು. ಪ್ಯೂರಿಟನ್ ನಿಲುವಿನ ಆತ ಚರ್ಚುಗಳಲ್ಲಿ ಏಕರೂಪದ ಆರಾಧನೆಯನ್ನು ಕಡ್ಡಾಯಗೊಳಿಸಿದ 1662ರ ಕಾನೂನಿಗೆ ಮಣಿಯದೆ ಅಧಿಕೃತ ಸ್ಥಾನ ಕಳೆದುಕೊಂಡವನು. ಆದರೂ ಊರವರಲ್ಲಿ ಹಲವರು ಹೊಸ ರೆಕ್ಟರನಿಗಿಂತ ಅವನನ್ನೇ ನಂಬುತ್ತಿದ್ದರು. ಮಾಂಪೆಸನ್ ಬೇರೆ ಊರಿಗೆ ಹೋದ. ಸ್ಟ್ಯಾನ್ಲಿ 1670ರಲ್ಲಿ ಈಮ್‌ನಲ್ಲೇ ಸತ್ತ. ಚರ್ಚಿನಂಗಳದಲ್ಲಿ ಅವನ ಹೆಸರಿನ ಸ್ಮಾರಕ ಎದ್ದದ್ದು 19ನೆಯ ಶತಮಾನದ ಕೊನೆಗೆ.